ಎರಡು ಮೊಲಗಳನ್ನು ಒಗ್ಗಿಸುವುದು ಹೇಗೆ?

ಹೊಸ ಮೊಲ ತಂದ ದಿನವೇ ಅದನ್ನು ಹಳೆಯದರ ಗೂಡಿಗೆ ಬಿಟ್ಟು, ‘ತಾವೇ ಹೊಂದಿಕೊಳ್ಳುತ್ತವೆ’ ಎಂದು ಬಾಗಿಲು ಹಾಕುವವರೇ ಹೆಚ್ಚು. ಹೊಂದಿಕೊಳ್ಳುವುದಿಲ್ಲ. ಗದ್ದ ಉಜ್ಜಿ, ಮೂತ್ರ ಹೊಯ್ದು, ಹಿಕ್ಕೆ ಹಾಕಿ ಮೊಲ ತನ್ನ ಗಡಿಯನ್ನು ಗುರುತು ಮಾಡಿರುತ್ತದೆ. ಒಳಗೆ ಬಂದದ್ದು ಅದರ ಲೆಕ್ಕದಲ್ಲಿ ಶತ್ರು. ಮೊಲದ ಚರ್ಮ ತೆಳು, ಎಳೆದರೆ ಹರಿಯುತ್ತದೆ. ಕಚ್ಚಿದ ಗಾಯ ಕೂದಲಿನಡಿ ಕಾಣದೆ ಕೀವುಗಟ್ಟುತ್ತದೆ.

ಮೊದಲು ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಗಂಡಿನಿಂದ ಕೆಲವು ವಾರ ಗರ್ಭ ನಿಲ್ಲಬಹುದು, ಹಾಗಾಗಿ 6 ವಾರ ದೂರವಿಡಿ. ‘ಮರಿಯಿಂದ ಒಟ್ಟಿಗೇ ಬೆಳೆದಿವೆ’ ಎಂಬ ಸಮಾಧಾನ ಬೇಡ. 4–6 ತಿಂಗಳಿಗೆ ಪ್ರಾಯ ಬಂದಾಗ ಅವೇ ಕಿತ್ತಾಡುತ್ತವೆ. ಆರಿಸಿಕೊಳ್ಳುವ ಅವಕಾಶವಿದ್ದರೆ ಒಂದು ಗಂಡು, ಒಂದು ಹೆಣ್ಣು.

ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ, ಪಶುವೈದ್ಯರಿಗೆ ತೋರಿಸಿ. ಆಮೇಲೆ ಗೂಡುಗಳನ್ನು ಅಕ್ಕಪಕ್ಕ ತನ್ನಿ, ಆದರೆ ಜಾಲರಿಗಳ ನಡುವೆ ನಾಲ್ಕು ಬೆರಳಿನಷ್ಟು ಅಂತರವಿರಲಿ. ಅಂತರವಿಲ್ಲದಿದ್ದರೆ ಮೂಗು, ತುಟಿ ಕಚ್ಚಿಸಿಕೊಳ್ಳುತ್ತವೆ. ಮೂತ್ರದ ಟ್ರೇಗಳನ್ನು ದಿನವೂ ಅದಲುಬದಲು ಮಾಡಿ. ನಾಲ್ಕೈದು ದಿನ ಕಳೆದ ಮೇಲೆ ಮೊಲಗಳನ್ನೇ ಅದಲುಬದಲು ಮಾಡಿ. ಕಾಲು ಬಡಿಯುವುದು, ಟ್ರೇ ಹೊರಗೆ ಹಿಕ್ಕೆ ಚೆಲ್ಲುವುದು ನಿಂತು ಜಾಲರಿಯ ಪಕ್ಕದಲ್ಲೇ ಕಾಲು ಚಾಚಿ ಮಲಗತೊಡಗಿದರೆ ಮುಖಾಮುಖಿಗೆ ಕಾಲ ಕೂಡಿಬಂತು.

ಕೆಲಸ ಕೆಡುವುದೆಲ್ಲ ಇಲ್ಲೇ. ಎರಡೂ ಎಂದೂ ಕಾಲಿಡದ ಜಾಗ ಬೇಕು, ಬಚ್ಚಲುಮನೆಯಾದರೂ ಸರಿ. ಆದರೆ ಬರಿ ಟೈಲ್ಸ್ ಬೇಡ, ಕಾಲು ಜಾರಿದರೆ ಗಾಬರಿ ಇಮ್ಮಡಿಸುತ್ತದೆ, ಚಾಪೆ ಹಾಸಿ. ಒಣಹುಲ್ಲು ಎರಡು ಗುಡ್ಡೆ, ನೀರು ಎರಡು ಬಟ್ಟಲು. ಪೆಟ್ಟಿಗೆ ಇಡುವುದಾದರೆ ಎರಡು ಬಾಗಿಲಿನದು. ಒಂದೇ ಬಾಗಿಲಿದ್ದರೆ ಒಳಗೆ ಹೊಕ್ಕದ್ದಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಿಮ್ಮ ಕೈಗೆ ದಪ್ಪ ಕೈಗವಸು, ಪಕ್ಕದಲ್ಲಿ ಕಸದ ಮೊರ. ಜಗಳದ ನಡುವೆ ಬರಿಗೈ ಹಾಕಿದರೆ ಹಲ್ಲು ಇಳಿಯುವುದು ನಿಮ್ಮ ಕೈಗೇ. ಕೊರಳಿಗೆ ಪಟ್ಟಿ, ಹಗ್ಗ ಕಟ್ಟಿ ಹಿಡಿದುಕೊಳ್ಳುವ ಉಪಾಯ ಕೆಟ್ಟದ್ದು. ಹಗ್ಗ ಸಿಕ್ಕಿಕೊಂಡು ಎರಡೂ ಒಂದಕ್ಕೊಂದು ಗಂಟುಬೀಳುತ್ತವೆ.

ಎರಡನ್ನೂ ಒಟ್ಟಿಗೇ, ಒಂದು ಮೀಟರ್ ದೂರದಲ್ಲಿ ಬಿಡಿ. ಒಂದು ಇನ್ನೊಂದರ ಬೆನ್ನೇರುವುದು ಕಾಮವಲ್ಲ, ಯಾರು ದೊಡ್ಡವರೆಂಬ ತೀರ್ಮಾನ. 10–15 ಸೆಕೆಂಡ್ ಬಿಟ್ಟು ಮೆಲ್ಲನೆ ಇಳಿಸಿ. ತಲೆಯ ಕಡೆಯಿಂದ ಏರಿದರೆ ಮಾತ್ರ ತಕ್ಷಣ ತೆಗೆಯಬೇಕು: ಕೆಳಗಿನದು ಮರ್ಮಾಂಗಕ್ಕೆ ಬಾಯಿ ಹಾಕುತ್ತದೆ. ಅಷ್ಟಿಷ್ಟು ಅಟ್ಟಾಟ, ಒಂದೆರಡು ಎಸಳು ಕೂದಲು ಹಾರಿದ್ದಕ್ಕೆ ಹೆದರಬೇಡಿ. ಹೆದರಬೇಕಾದದ್ದು ಸುತ್ತಾಟಕ್ಕೆ. ಬಾಲ ಸೆಟೆದು, ಕಿವಿ ಬೆನ್ನಿಗಂಟಿ, ಒಂದರ ಮೂಗು ಇನ್ನೊಂದರ ಬಾಲಕ್ಕೆ ಬಂದು ಗಿರಗಿರ ತಿರುಗಿದರೆ ಕಾಯಬೇಡಿ, ಮೊರ ನಡುವೆ ಇಳಿಸಿ. ಕಿವಿ ಹಿಂದಕ್ಕೆ ಮಡಚಿದ್ದನ್ನಷ್ಟೇ ನೋಡಿ ಮೋಸಹೋಗಬೇಡಿ, ನೆಮ್ಮದಿಯಿಂದ ಕೂತ ಮೊಲವೂ ಹಾಗೇ ಮಡಚುತ್ತದೆ. ಬಾಲ, ಮೈಯ ಬಿಗಿ ನೋಡಿ.

ಎರಡೂ ತಲೆ ತಗ್ಗಿಸಿ ‘ನೀನು ನೆಕ್ಕು’ ಎಂದು ಹಟ ಹಿಡಿದು ಕೂರುವುದುಂಟು. ಆಗ ನೀವೇ ಇಬ್ಬರ ಹಣೆಯನ್ನೂ ಸವರಿ. ಬೆನ್ನು ತಿರುಗಿಸಿ ಹುಲ್ಲು ಮೇಯುತ್ತ, ಮುಖ ತೊಳೆದುಕೊಳ್ಳುತ್ತ ಕೂತರೆ ಬೇಸರ ಬೇಡ, ಅದೇ ಒಳ್ಳೆಯ ಲಕ್ಷಣ. ತೀರಾ ಹೆದರಿದ ಮೊಲ ಸಾಮಾನ್ಯವಾಗಿ ಮುಖ ತೊಳೆಯುತ್ತ ಕೂರುವುದಿಲ್ಲ.

ಮೊದಲ ದಿನ 10 ನಿಮಿಷ ಸಾಕು, ಶಾಂತವಾಗಿರುವಾಗಲೇ ಎತ್ತಿಬಿಡಿ. ದಿನಕ್ಕೆ ಐದೈದು ನಿಮಿಷ ಹೆಚ್ಚಿಸಿ, ಜಗಳವಾದರೆ ಹಿಂದಕ್ಕೆ ಬನ್ನಿ. ವಾರಗಟ್ಟಲೆ ಹಿಡಿಯಬಹುದು. ಬುಟ್ಟಿಯಲ್ಲಿ ಹಾಕಿ ಕಾರಿನಲ್ಲಿ ಸುತ್ತಿಸಿದರೆ ಬೇಗ ಒಗ್ಗುತ್ತವೆ ಎನ್ನುವವರಿದ್ದಾರೆ. ಅಂಟಿಕೊಂಡು ಕೂರುತ್ತವೆ, ನಿಜ, ಆದರೆ ಭಯಕ್ಕೆ. ತಲೆಗೆ ಬಾಳೆಹಣ್ಣು ಸವರುವುದೂ ಬೇಡ, ನೆಕ್ಕುವ ಬದಲು ಕಚ್ಚಿಬಿಟ್ಟರೆ ಕಷ್ಟ.

ಅಟ್ಟಾಟವಿಲ್ಲದೆ ನಿಮ್ಮ ಕಣ್ಣೆದುರು 48 ಗಂಟೆ ಕಳೆದರೆ ಒಂದೇ ಗೂಡು ಕೊಡಬಹುದು. ಅದಕ್ಕೂ ಮುನ್ನ ಗೂಡನ್ನು ಸಮಪಾಲು ವಿನೆಗರ್–ನೀರಿನಲ್ಲಿ ಒರೆಸಿ, ಹಾಸು ಬದಲಿಸಿ, ಸಾಮಾನುಗಳ ಜಾಗ ಬದಲಿಸಿ. ‘ಎರಡು ಮೊಲಕ್ಕೆ’ ಎಂದು ಮಾರುವ ಪುಟ್ಟ ಪಂಜರಗಳಲ್ಲಿ ಒಂದಕ್ಕೂ ಜಾಗ ಸಾಲದು. ಈ ಓಡಾಟದಲ್ಲಿ ಯಾವುದಾದರೂ 12 ಗಂಟೆ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ನಿಂತರೆ, ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಒಗ್ಗಿದ ಮೇಲೆ ಒಂದಕ್ಕೇ ಕಾಯಿಲೆಯಾದರೂ ಎರಡನ್ನೂ ಒಯ್ಯಿರಿ. ಆಸ್ಪತ್ರೆಯ ವಾಸನೆ ಹೊತ್ತು ಒಂಟಿಯಾಗಿ ಮರಳಿದ್ದನ್ನು ಇನ್ನೊಂದು ಪರಕೀಯವೆಂದು ಮೈಮೇಲೆ ಬಿದ್ದೀತು.