ಲೇಬಲ್ಲಿನ 12 ವೋಲ್ಟ್ ಸಾಲು

ನಾನೇ ಜೋಡಿಸಿದ ಮೊದಲ ಕಂಪ್ಯೂಟರಿಗೆ ಎಲ್ಲಕ್ಕಿಂತ ಕೊನೆಗೆ ಆರಿಸಿದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿ ಕೊಡುವ ಭಾಗ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಬಗ್ಗೆ ವಾರಗಟ್ಟಲೆ ಓದಿದ್ದೆ. ಇದಕ್ಕೆ ಮಾತ್ರ ಪೆಟ್ಟಿಗೆಯ ಮೇಲೆ 500 ವ್ಯಾಟ್ ಅಂತ ಇದ್ದದ್ದೇ ಸಾಕಾಯಿತು. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ದೊಡ್ಡ ಗೇಮ್ ಒಂದನ್ನು ಹಾಕಿದೆ. ಯಂತ್ರ ತಟ್ಟನೆ ಆಫ್! ಬರೆಯುವಾಗ, ವಿಡಿಯೊ ನೋಡುವಾಗ ಏನೂ ತೊಂದರೆಯಿಲ್ಲ, ಗೇಮ್ ಹಾಕಿದರೆ ಮಾತ್ರ ಹೀಗೆ. ರ‍್ಯಾಮ್ ಬದಲಿಸಿದೆ, ವಿಂಡೋಸ್ ಮತ್ತೆ ಹಾಕಿದೆ, ಪ್ರೊಸೆಸರಿಗೆ ಬಿಸಿ ಹೊರಹಾಕುವ ಪೇಸ್ಟ್ ಹೊಸದಾಗಿ ಹಚ್ಚಿದೆ. ಎರಡು ವಾರ ಅದರಲ್ಲೇ ಕಳೆಯಿತು.

ಕೊನೆಗೆ ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಪಕ್ಕದ ಲೇಬಲ್ ಓದಿದೆ. ಎಸ್‌ಎಂಪಿಎಸ್ 12, 5, 3.3 ವೋಲ್ಟುಗಳ ಕರೆಂಟನ್ನು ಬೇರೆಬೇರೆ ಸಾಲುಗಳಲ್ಲಿ ಕೊಡುತ್ತದೆ. 12 ವೋಲ್ಟ್ ಸಾಲಿನಲ್ಲಿ ಇದ್ದದ್ದು 26 ಆಂಪಿಯರ್. ಗುಣಿಸಿದರೆ 312 ವ್ಯಾಟ್. 500ರಲ್ಲಿ ಉಳಿದದ್ದು 3.3 ಮತ್ತು 5 ವೋಲ್ಟ್ ಸಾಲುಗಳದ್ದು. ಈಗಿನ ಯಂತ್ರಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟನ್ನೇ ನಂಬಿಕೊಂಡಿವೆ. ನನ್ನ ಕೋರ್ ಐ5-12400 ಗರಿಷ್ಠ 117 ವ್ಯಾಟ್ ಎಳೆಯಬಹುದು, ಆರ್‌ಟಿಎಕ್ಸ್ 3070 ಕಾರ್ಡಿಗೆ 220 ಬೇಕು. ಇವೆರಡೇ 337 ಆದವು. ಸಾಲದ್ದಕ್ಕೆ ಕಾರ್ಡಿನ 8 ಪಿನ್ನಿನ ಎರಡನೇ ಸಾಕೆಟ್ಟಿಗೆ ನಾನು ಮೋಲೆಕ್ಸ್ (ಹಳೆಯ ಡಿಸ್ಕುಗಳಿಗೆ ಕರೆಂಟು ಕೊಡುವ 4 ಪಿನ್ನಿನ ಪ್ಲಗ್) ಅಡಾಪ್ಟರ್ ಸಿಕ್ಕಿಸಿದ್ದೆ. 150 ವ್ಯಾಟಿನವರೆಗೆ ಸಾಗಿಸಬೇಕಾದ ಜಾಗ ಅದು, ಮೋಲೆಕ್ಸ್ ಅಷ್ಟಕ್ಕೆಂದು ಮಾಡಿದ್ದಲ್ಲ. ಹಾಗೆ ಮಾಡಲೇಬಾರದು.

ಗೇಮ್ ನಡೆಯುತ್ತಿರುವಾಗ ಖಾಲಿ ಮೋಲೆಕ್ಸ್ ಒಂದರ ಹಳದಿ ಮತ್ತು ಕಪ್ಪು ತಂತಿಗಳಿಗೆ ಮಲ್ಟಿಮೀಟರ್ ಹಿಡಿದೆ. 11.3 ತೋರಿಸಿತು. ಎಸ್‌ಎಂಪಿಎಸ್ ಹೇಗಿರಬೇಕೆಂದು ಹೇಳುವ ಎಟಿಎಕ್ಸ್ ಮಾನದಂಡದ 3.0ಕ್ಕೆ ಮುಂಚಿನ ನಿಯಮದ ಪ್ರಕಾರ 12 ವೋಲ್ಟ್ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗುವಂತಿರಲಿಲ್ಲ, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದಿತ್ತು. ಆಗ ಅನುಮಾನ ಪೂರ್ತಿ ಹೋಯಿತು.

ಎರಡನೇ ಸಲ ಲೆಕ್ಕ ಹಾಕಿಯೇ ಹೊರಟೆ. 337ಕ್ಕೆ ಮದರ್‌ಬೋರ್ಡ್, ಡಿಸ್ಕು, ಫ್ಯಾನುಗಳಿಗೆಂದು 60 ಸೇರಿಸಿದೆ, ಸುಮಾರು 400. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಅಂಕಿಯನ್ನು ಬಹಳ ಮೀರಿ ಎಳೆಯುತ್ತವೆ. ಅದಕ್ಕಾಗಿಯೇ 2022ರ ಎಟಿಎಕ್ಸ್ 3.0 ಇಂಥ ಏರಿಕೆಗಳನ್ನು ತಡೆದುಕೊಳ್ಳುವ ಪರೀಕ್ಷೆಯನ್ನು ಸೇರಿಸಿತು. ಹಾಗಾಗಿ 650 ವ್ಯಾಟಿನದನ್ನು ಆರಿಸಿದೆ. ಅದರ 12 ವೋಲ್ಟ್ ಸಾಲು 54 ಆಂಪಿಯರ್, ಅಂದರೆ 648 ವ್ಯಾಟ್. ಹೆಚ್ಚುಕಡಿಮೆ ಪೂರ್ತಿ ಶಕ್ತಿ ಬೇಕಾದ ಕಡೆಯೇ ಇದೆ. 1000 ವ್ಯಾಟಿನದು ನನಗೆ ಬೇಕಿರಲಿಲ್ಲ.

ದಕ್ಷತೆಗೆ ಕೊಡುವ 80 ಪ್ಲಸ್ ಗೋಲ್ಡ್ ಮುದ್ರೆಯನ್ನೂ ನೋಡಿದೆ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಶೇ. 90 ದಕ್ಷತೆ ಇರಬೇಕು ಎಂಬುದು ಅದರ ಅರ್ಥ. ವ್ಯರ್ಥವಾಗುವ ಕರೆಂಟು, ಬಿಸಿ, ಫ್ಯಾನಿನ ಸದ್ದು ಕಡಿಮೆ. ಆದರೆ ವೋಲ್ಟೇಜ್ ಎಷ್ಟು ಸ್ಥಿರ, ಶಾರ್ಟ್ ಆದರೆ ತಾನೇ ನಿಲ್ಲುತ್ತದೆಯೇ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಅದಕ್ಕೆ ಒಳಗೆ ಬಿಚ್ಚಿ, ಲೋಡ್ ಹಾಕಿ ಅಳೆದವರ ವಿಮರ್ಶೆಗಳನ್ನು ಓದಬೇಕು. ನಾನು ಓದಿದೆ. ಮುದ್ರೆಗಿಂತ ನನಗೆ ಅವೇ ಹೆಚ್ಚು.

ಇಷ್ಟಾದರೂ ಒಂದು ನಷ್ಟ ತಪ್ಪಲಿಲ್ಲ. ಹೊಸದು ಮಾಡ್ಯುಲರ್, ಅಂದರೆ ಕೇಬಲ್ಲುಗಳನ್ನು ಬಿಚ್ಚಿ ಹಾಕಬಹುದಾದದ್ದು. ಡಿಸ್ಕಿಗೆ ಕರೆಂಟು ಕೊಡುವ ಒಂದು ಸಾಟಾ ಕೇಬಲ್ ಉದ್ದ ಸಾಲಲಿಲ್ಲವೆಂದು ಬೇರೆ ಎಸ್‌ಎಂಪಿಎಸ್ಸಿನ ಕೇಬಲ್ ಹಾಕಿದೆ. ಪ್ಲಗ್ ಸರಿಯಾಗಿ ಕೂತಿತು. ಆದರೆ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮಕ್ಕೆ ಯಾವ ಏಕರೂಪದ ನಿಯಮವೂ ಇಲ್ಲ. 5 ವೋಲ್ಟ್ ಬರಬೇಕಾದ ಕಡೆ 12 ಹರಿಯಿತು, ಹಾರ್ಡ್ ಡಿಸ್ಕ್ ಸುಟ್ಟಿತು. ಅದರಲ್ಲಿ ನಾಲ್ಕು ವರ್ಷದ ಫೋಟೊಗಳಿದ್ದವು, ಬ್ಯಾಕಪ್ ಇರಲಿಲ್ಲ. ಒಂದೇ ಕಂಪನಿಯ ಎರಡು ಮಾಡೆಲುಗಳ ನಡುವೆಯೂ ಕೇಬಲ್ ಅದಲುಬದಲು ಮಾಡಬೇಡಿ, ದಯವಿಟ್ಟು.

ಆಮೇಲೆ ಗ್ರಾಫಿಕ್ಸ್ ಕಾರ್ಡಿನ ಎರಡು ಸಾಕೆಟ್ಟುಗಳಿಗೆ ಎರಡು ಬೇರೆ ಕೇಬಲ್ಲುಗಳನ್ನೇ ಎಳೆದೆ. ಅದೇ ಗೇಮ್ ಹಾಕಿ, ಅದೇ ಮಲ್ಟಿಮೀಟರ್ ಹಿಡಿದೆ. ಒಂದು ಗಂಟೆ ಆಡಿದ ಮೇಲೂ ಮೀಟರಿನಲ್ಲಿ 12.0 ಇತ್ತು.