ಎಲ್ಲಾ ಸೇರಿ ಎಷ್ಟಾತು? ಕ್ರೂಸ್ ಆಫರ್‌ಗಳ ಜೊತೆ ನನ್ನ ಒಂಬತ್ತು ತಿಂಗಳು

2024ರ ನವೆಂಬರ್ ಕೊನೆ. ಬ್ಲ್ಯಾಕ್ ಫ್ರೈಡೇ ಸೇಲ್ ಜೋರಾಗಿತ್ತು. ನ್ಯೂಜೆರ್ಸಿಯ ಎಡಿಸನ್‌ನ ನಮ್ಮ ಮನೆಯಿಂದ ದಾವಣಗೆರೆಗೆ ವಿಡಿಯೋ ಕಾಲ್ ಮಾಡಿ, "ಅಪ್ಪಾ, ಹಡಗಿನಲ್ಲಿ ಏಳು ರಾತ್ರಿ, ಎರಡನೆಯವರಿಗೆ 60 ಪರ್ಸೆಂಟ್ ಆಫ್, ಮಕ್ಕಳಿಗೆ ಫ್ರೀ, ಇನ್ನು ಎರಡೇ ದಿನ ಇದೆ" ಅಂತ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು. ಕನ್ನಡಕ ತೆಗೆದು ಒರೆಸಿಕೊಂಡು, "ಪರ್ಸೆಂಟ್ ಇರ್ಲಿ. ಎಲ್ಲಾ ಸೇರಿ ಎಷ್ಟಾತು, ಅದನ್ನ ಹೇಳು" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಗಂಟೆ ಪುಟ ತಿರುವಿ ಹಾಕಿದ್ದೆ, ಆದರೆ ಒಟ್ಟು ಮೊತ್ತ ಬರೆದುಕೊಂಡಿರಲಿಲ್ಲ.

ನಾವು ಆರು ಜನ. ನಾನು, ಹೆಂಡತಿ, 13 ವರ್ಷದ ಮಗಳು, 9 ವರ್ಷದ ಮಗ, ಅಪ್ಪ, ಅಮ್ಮ. ಹಡಗು ಹೊರಡುವುದು ಬೇಯೋನ್‌ನ ಕೇಪ್ ಲಿಬರ್ಟಿ ಬಂದರಿನಿಂದ. ಮನೆಯಿಂದ ಕಾರಿನಲ್ಲೇ ಹೋಗಬಹುದು. ಫ್ಲೋರಿಡಾದಿಂದ ಹೊರಡುವ ಹಡಗುಗಳು ನೋಡಲು ಅಗ್ಗ. ಆದರೆ ಆರು ಜನರ ವಿಮಾನ ಟಿಕೆಟ್, ಹಿಂದಿನ ರಾತ್ರಿಯ ಹೋಟೆಲ್ ಸೇರಿಸಿದರೆ ಆ ಅಗ್ಗ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಮೊದಲು ಆ 60 ಪರ್ಸೆಂಟ್ ವಿಷಯ. ಒಂದು ರೂಮಿಗೆ ಇಬ್ಬರು ಅನ್ನುವುದು ಕ್ರೂಸ್ ದರದ ಮೂಲ ಲೆಕ್ಕ. ತಲೆಗೆ 2,000 ಡಾಲರ್ ಅಂದುಕೊಳ್ಳಿ. ಮೊದಲನೆಯವರಿಗೆ ಪೂರ್ತಿ 2,000, ಎರಡನೆಯವರಿಗೆ 60 ಪರ್ಸೆಂಟ್ ಕಳೆದು 800. ರೂಮಿಗೆ 2,800. ಅಂದರೆ ತಲೆಗೆ 1,400, ನಿಜವಾದ ಕಡಿತ 30 ಪರ್ಸೆಂಟ್ ಅಷ್ಟೇ. ಮುಂದಿನ ವಾರ ಇದೇ ರೂಮಿಗೆ "ಎಲ್ಲರಿಗೂ 30 ಪರ್ಸೆಂಟ್ ಆಫ್" ಅಂತ ಬಂದರೆ ಆಗಲೂ 2,800. ಇನ್ನೊಂದು ವಾರ "ಎರಡನೆಯವರಿಗೆ 75 ಪರ್ಸೆಂಟ್" ಅಂತ ದೊಡ್ಡದಾಗಿ ಹಾಕುತ್ತಾರೆ. ಅಷ್ಟರಲ್ಲಿ ಮೂಲ ದರ ಸದ್ದಿಲ್ಲದೆ 2,240 ಆಗಿರುತ್ತದೆ. 2,240ಕ್ಕೆ 560 ಸೇರಿಸಿ. ಮತ್ತೆ 2,800!

ಅಪ್ಪನಿಗೆ ಇದನ್ನು ವಿವರಿಸಿದಾಗ ನಕ್ಕುಬಿಟ್ಟರು. "ಆಷಾಢದಾಗ ನಾವೂ ಇದನ್ನೇ ಮಾಡ್ತಿದ್ವಿ. ಚೀಟಿ ಬದಲಾಯ್ಸೋದು, ಸೀರೆ ಅದೇ."

ಈ ಪರ್ಸೆಂಟ್ ಕಡಿತ ಮೂಲ ದರಕ್ಕೆ ಮಾತ್ರ. ಬಂದರು ಶುಲ್ಕ, ತೆರಿಗೆ ಎರಡಕ್ಕೂ ರಿಯಾಯಿತಿ ಇಲ್ಲ. ಮೊದಲು ಇವನ್ನು ಕೊನೆಯ ಪುಟದಲ್ಲಿ ಸೇರಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಹೊಸ ಕಾನೂನು 2024ರ ಜುಲೈ 1ರಿಂದ ಜಾರಿಯಾದ ಮೇಲೆ, ದೊಡ್ಡ ಕಂಪನಿಗಳು ಅಮೆರಿಕದಲ್ಲಿ ಎಲ್ಲೆಡೆ ತೆರಿಗೆ ಸೇರಿಸಿಯೇ ದರ ತೋರಿಸಲು ಶುರು ಮಾಡಿದವು. ದೊಡ್ಡ ಉಪಕಾರ. ಆದರೆ ಹಡಗಿನ ಸಿಬ್ಬಂದಿಗೆ ಕೊಡುವ ಟಿಪ್ಸ್ ಮಾತ್ರ ಆಗಲೂ ಅದರಲ್ಲಿ ಸೇರಿರಲಿಲ್ಲ. ನಮ್ಮ ಹಡಗಿನಲ್ಲಿ ದಿನಕ್ಕೆ ತಲೆಗೆ 18.50 ಡಾಲರ್, ಮಕ್ಕಳಿಗೂ ಅಷ್ಟೇ. ಆರು ಜನ, ಏಳು ದಿನ, 777 ಡಾಲರ್. ಇದು ಸಣ್ಣ ಮೊತ್ತ ಅಲ್ಲ, ಅಲ್ವಾ?

ಇನ್ನು "ಮಕ್ಕಳಿಗೆ ಫ್ರೀ". ಸಣ್ಣಕ್ಷರ ಓದಿದೆ. ರೂಮಿನಲ್ಲಿ ಮೂರನೆಯ, ನಾಲ್ಕನೆಯ ವ್ಯಕ್ತಿಯಾಗಿರಬೇಕು. ವಯಸ್ಸು 12 ದಾಟಿರಬಾರದು. ಮಗಳಿಗೆ 13, ಅವಳು ಔಟ್. ಮಗನಿಗಾದರೂ ಸಿಗುತ್ತದೆ ಅಂದುಕೊಂಡರೆ, ಶಾಲೆಗಳ ಬೇಸಿಗೆ ರಜೆಯ ದಿನಗಳಿಗೆ ಈ ಆಫರ್ ಅನ್ವಯಿಸುವುದೇ ಇಲ್ಲ! ಮಕ್ಕಳನ್ನು ಕರೆದುಕೊಂಡು ಹೋಗಲು ಆಗುವುದೇ ಆ ದಿನಗಳಲ್ಲಿ. ಇನ್ನೊಂದು ಕಂಪನಿಯಲ್ಲಿ ಡ್ರಿಂಕ್ಸ್ ಪ್ಯಾಕೇಜ್ ಉಚಿತ ಅಂತಿತ್ತು. ಒಳಗೆ ಹೋದರೆ ಆ ಉಚಿತ ಪ್ಯಾಕೇಜಿಗೂ ಸರ್ವಿಸ್ ಚಾರ್ಜ್ ಕೊಡಬೇಕಿತ್ತು.

ದಿನಾಂಕ ಆರಿಸುವಾಗ ಮಾತ್ರ ನಿಜವಾದ ಉಳಿತಾಯ ಕಂಡಿತು. ದಕ್ಷಿಣದ ಜಾರ್ಜಿಯಾ, ಫ್ಲೋರಿಡಾ ಕಡೆ ಆಗಸ್ಟ್ ಮೊದಲ ಎರಡು ವಾರಗಳಲ್ಲೇ ಶಾಲೆ ಶುರು. ನ್ಯೂಜೆರ್ಸಿಯಲ್ಲಿ ಹೆಚ್ಚಿನ ಶಾಲೆಗಳು ತೆರೆಯುವುದು ಸೆಪ್ಟೆಂಬರ್‌ನ ಲೇಬರ್ ಡೇ ಆದಮೇಲೆ. ಅಂದರೆ ಆಗಸ್ಟ್ ಕೊನೆಯಲ್ಲಿ ಆ ಕಡೆಯ ಕುಟುಂಬಗಳು ಬರುವುದು ಕಡಿಮೆ, ನಮ್ಮ ಮಕ್ಕಳಿಗೆ ಇನ್ನೂ ರಜೆ. ಜೊತೆಗೆ ಆಗಸ್ಟ್ ಅಂದರೆ ಚಂಡಮಾರುತದ ಕಾಲ, ಹಾಗಾಗಿ ಕೆಲವರು ಹಿಂಜರಿಯುತ್ತಾರೆ. ಜುಲೈ ಮಧ್ಯದ ದರಕ್ಕೆ ಹೋಲಿಸಿದರೆ ಆಗಸ್ಟ್ 24ರ ಹಡಗು ಆರು ಜನಕ್ಕೆ ಸುಮಾರು 1,100 ಡಾಲರ್ ಕಡಿಮೆ ಇತ್ತು. ಯಾವ ಆಫರ್ ಕೂಡ ನನಗೆ ಇಷ್ಟು ಕೊಡಲಿಲ್ಲ. ಚಂಡಮಾರುತ ಬಂದರೆ ಹಡಗು ದಾರಿ ಬದಲಿಸುತ್ತದೆ, ಬಹಾಮಾಸ್ ದ್ವೀಪಗಳ ನಸ್ಸಾವ್ ಬದಲು ಬೇರೆ ಬಂದರು ನೋಡಬೇಕಾಗುತ್ತದೆ. ಅದಕ್ಕೆ ನಾವು ತಯಾರಿದ್ದೆವು.

ರೂಮು ಆರಿಸುವುದರಲ್ಲೂ ಒಂದು ಪಾಠ. "ಗ್ಯಾರಂಟಿ" ರೂಮು ಅಂತ ಇರುತ್ತದೆ. ರೂಮಿನ ದರ್ಜೆ ಮಾತ್ರ ನಿಮ್ಮ ಆಯ್ಕೆ, ಯಾವ ರೂಮು ಅನ್ನುವುದು ಅವರ ಇಷ್ಟ. ಅಗ್ಗ. ಆದರೆ ಅಪ್ಪನಿಗೆ ಮೊಣಕಾಲು ನೋವು. ಅವರ ರೂಮು ಲಿಫ್ಟಿನ ಹತ್ತಿರ ಇರಬೇಕು, ನಮ್ಮದು ಅದರ ಪಕ್ಕದಲ್ಲಿರಬೇಕು. ಹಾಗಾಗಿ ಆ ಆಸೆ ಬಿಟ್ಟೆವು. ಅಪ್ಪ ಅಮ್ಮನಿಗೆ ಬಾಲ್ಕನಿ, ನಮ್ಮ ನಾಲ್ವರಿಗೆ ಕಿಟಕಿ ಇಲ್ಲದ ಒಳಗಿನ ರೂಮು. ನಾಲ್ವರಿರುವ ರೂಮಿನಲ್ಲೂ ಮೊದಲ ಇಬ್ಬರ ದರವೇ ಜಾಸ್ತಿ, ಮೂರನೆಯ ನಾಲ್ಕನೆಯವರಿಗೆ ಕಡಿಮೆ. ಹೆಂಡತಿಯ ಸಹೋದ್ಯೋಗಿಯೊಬ್ಬರು ತಾವೂ ಒಬ್ಬರೇ ಬರುತ್ತೇನೆ ಅಂದಿದ್ದರು. ರೂಮಿನಲ್ಲಿ ಒಬ್ಬರೇ ಇದ್ದರೂ ಇಬ್ಬರ ದರ ಕೊಡಬೇಕು ಅಂತ ಗೊತ್ತಾದ ಮೇಲೆ ಅವರು ಆ ಮಾತೇ ಎತ್ತಲಿಲ್ಲ.

ಮುಂಗಡದಲ್ಲಿ ಎರಡು ಬಗೆ. ವಾಪಸ್ ಸಿಗದ ಮುಂಗಡ ಕೊಟ್ಟರೆ ದರ ಕಡಿಮೆ. ವಾಪಸ್ ಸಿಗುವುದಾದರೆ ಜಾಸ್ತಿ. ನಮಗೆ ವ್ಯತ್ಯಾಸ 310 ಡಾಲರ್ ಬಂತು. ಎಪ್ಪತ್ತು ದಾಟಿದ ಇಬ್ಬರು ಊರಿಂದ ಬರಬೇಕು, ಏನು ಬೇಕಾದರೂ ಆಗಬಹುದು. 310 ಹೋದರೆ ಹೋಗಲಿ ಅಂತ ವಾಪಸ್ ಸಿಗುವುದನ್ನೇ ತೆಗೆದುಕೊಂಡೆ. ಇವತ್ತಿಗೂ ಅದು ಸರಿ ಅನ್ನಿಸುತ್ತದೆ.

ಕೊನೆಗೆ ತೆರಿಗೆ ಸೇರಿ 7,480. ಟಿಪ್ಸ್ ಸೇರಿಸಿದರೆ 8,257. ಅಪ್ಪನಿಗೆ ಹೇಳಿದೆ. "ಹಾಂ, ಈಗ ಮಾತಾಡು" ಅಂದರು.

ಟ್ರಾವೆಲ್ ಏಜೆಂಟ್ ಮೂಲಕ ಬುಕ್ ಮಾಡಿದೆ. ದರ ಕಂಪನಿಯದೇ. ಏಜೆಂಟ್ ತಮ್ಮ ಕಮಿಷನ್ನಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಹಡಗಿನೊಳಗೆ ಖರ್ಚು ಮಾಡಲು 100 ಡಾಲರ್ ಕ್ರೆಡಿಟ್ ಕೊಟ್ಟರು. ಬ್ಲ್ಯಾಕ್ ಫ್ರೈಡೇ ಲೆಕ್ಕದಲ್ಲಿ ಕಂಪನಿಯಿಂದ ಇನ್ನೊಂದು 150 ಕ್ರೆಡಿಟ್ ಇತ್ತು.

ನಿಜವಾದ ಆಟ ಶುರುವಾಗಿದ್ದು ಇಲ್ಲಿಂದ. ಪೂರ್ತಿ ಹಣ ಕಟ್ಟುವ ಗಡುವಿಗೆ ಮೊದಲು ದರ ಇಳಿದರೆ, ಅದೇ ಹಡಗು, ಅದೇ ದಿನಾಂಕಕ್ಕೆ ಹೊಸ ದರ ಕೇಳಬಹುದು. ನಮ್ಮ ಗಡುವು ಹೊರಡುವ 90 ದಿನ ಮೊದಲು, ಅಂದರೆ ಮೇ 26. ಹಾಗಾಗಿ ಡಿಸೆಂಬರ್ 1ರಿಂದ ಪ್ರತಿ ಭಾನುವಾರ ರಾತ್ರಿ ಊಟ ಆದಮೇಲೆ ಎಕ್ಸೆಲ್ ತೆಗೆದು ಕೂರುತ್ತಿದ್ದೆ. ನಾಲ್ಕೇ ಕಾಲಂ. ದಿನಾಂಕ, ಆಫರ್ ಹೆಸರು, ಎರಡೂ ರೂಮಿನ ಒಟ್ಟು, ಕ್ರೆಡಿಟ್ ಎಷ್ಟು. ಹೆಂಡತಿ ಇದನ್ನು "ನಿಮ್ಮ ಸಂಧ್ಯಾವಂದನೆ" ಅನ್ನುತ್ತಿದ್ದಳು.

26 ಭಾನುವಾರಗಳಲ್ಲಿ ಆಫರ್ ಹೆಸರು 11 ಸಲ ಬದಲಾಯಿತು. ಒಟ್ಟು ಮೊತ್ತ ಬದಲಾಗಿದ್ದು ಆರು ಸಲ. ಅದರಲ್ಲಿ ಇಳಿದಿದ್ದು ಎರಡೇ ಸಲ. "ಇನ್ನು ಎರಡೇ ದಿನ" ಅಂತ ಗಡಿಯಾರ ಓಡುತ್ತಿದ್ದ ಆಫರ್ ಮೂರನೆಯ ದಿನ ಬೇರೆ ಹೆಸರಿನಲ್ಲಿ ಅದೇ ಮೊತ್ತಕ್ಕೆ ಕೂತಿರುತ್ತಿತ್ತು.

ಜನವರಿಯಿಂದ ಮಾರ್ಚ್‌ವರೆಗೆ ಕ್ರೂಸ್ ಕಂಪನಿಗಳ ದೊಡ್ಡ ಮಾರಾಟದ ಕಾಲ. ಇದಕ್ಕೆ ವೇವ್ ಸೀಸನ್ ಅನ್ನುತ್ತಾರೆ. ಜನವರಿಯ ಒಂದು ಭಾನುವಾರ ಮೊತ್ತ 7,140 ತೋರಿಸಿತು. 340 ಕಡಿಮೆ! ತಕ್ಷಣ ಏಜೆಂಟಿಗೆ ಮೇಲ್ ಹಾಕಿದೆ. ಏಜೆಂಟ್ ಮೂಲಕ ಬುಕ್ ಮಾಡಿದರೆ ಕಂಪನಿಯವರು ನಮ್ಮ ಜೊತೆ ನೇರವಾಗಿ ಮಾತಾಡುವುದಿಲ್ಲ, ಏಜೆಂಟೇ ಕೇಳಬೇಕು. ಉತ್ತರ ಬಂದಿದ್ದು ಬುಧವಾರ. ಅಷ್ಟರಲ್ಲಿ ದರ ಮತ್ತೆ 7,480. ಆ 100 ಡಾಲರ್ ಕ್ರೆಡಿಟ್ಟಿಗೆ ನಾನು ಕೊಟ್ಟ ಬೆಲೆ 340 ಅಂತ ಆವತ್ತು ಲೆಕ್ಕ ಸಿಕ್ಕಿತು.

ಏಪ್ರಿಲ್‌ನಲ್ಲಿ 7,210 ಆಯಿತು. ಈ ಸಲ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೋಮವಾರ ಬೆಳಿಗ್ಗೆ ಏಜೆಂಟ್ ಆಫೀಸ್ ತೆರೆಯುವ ಹೊತ್ತಿಗೇ ಫೋನ್ ಮಾಡಿದೆ. ಸಿಕ್ಕಿತು. ಆದರೆ ಹಳೆಯ ಆಫರ್ ಬಿಟ್ಟು ಹೊಸದಕ್ಕೆ ಹೋಗಬೇಕು, ಎರಡರಲ್ಲೂ ಕಾಲಿಡುವಂತಿಲ್ಲ. ಹೊಸ ಆಫರ್‌ನಲ್ಲಿ ಕಂಪನಿಯ 150 ಕ್ರೆಡಿಟ್ ಇರಲಿಲ್ಲ. 270 ಇಳಿಯಿತು, 150 ಹೋಯಿತು. ನಿಜವಾಗಿ ಉಳಿದಿದ್ದು 120. ಆ ನಾಲ್ಕನೆಯ ಕಾಲಂ ಇಲ್ಲದಿದ್ದರೆ 270 ಉಳಿಸಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಕ್ರೆಡಿಟ್ಟಿಗಿಂತ ದರ ಇಳಿಯುವುದೇ ನನಗೆ ಇಷ್ಟ. ಕ್ರೆಡಿಟ್ ಇದ್ದರೆ ಹಡಗಿನಲ್ಲಿ ಬೇಡದ್ದನ್ನೂ ಕೊಳ್ಳುತ್ತೇವೆ.

ಜೂನ್‌ನಲ್ಲಿ, ಪೂರ್ತಿ ಹಣ ಕಟ್ಟಿದ ಮೇಲೆ, ಸುಮ್ನೆ ಕುತೂಹಲಕ್ಕೆ ನೋಡಿದೆ. ಇನ್ನೂ 400 ಇಳಿದಿತ್ತು. ಕೇಳಿದೆ, ಆಗುವುದಿಲ್ಲ ಅಂದರು. ಹೊಟ್ಟೆ ಉರಿಯಿತು. ಆಮೇಲೆ ನೋಡುವುದನ್ನೇ ನಿಲ್ಲಿಸಿದೆ. ಹಾಗಂತ ಕೊನೆ ಗಳಿಗೆವರೆಗೆ ಕಾಯಬೇಕಿತ್ತು ಅಂತ ಅನ್ನಿಸಲಿಲ್ಲ. ನಾಲ್ಕು ಜನ ಹಿಡಿಸುವ ರೂಮುಗಳು ಮೊದಲೇ ಖಾಲಿಯಾಗುತ್ತವೆ. ಗಂಡ ಹೆಂಡತಿ ಇಬ್ಬರೇ ಇದ್ದು, ಯಾವ ವಾರವಾದರೂ ಸರಿ ಅನ್ನುವವರು ಬೇಕಾದರೆ ಕಾಯಲಿ.

ಕೊನೆಗಳಿಗೆಯಲ್ಲಿ ಯಾಕೆ ಇಳಿಸುತ್ತಾರೆ ಅಂತ ಅಪ್ಪನ ಜೊತೆ ಮಾತಾಡಿದ್ದೆ. ಖಾಲಿ ರೂಮು ಹೊತ್ತು ಹೋದರೆ ಅವರಿಗೆ ಸೊನ್ನೆ. ಯಾರಾದರೂ ಒಳಗಿದ್ದರೆ ಕುಡಿಯುತ್ತಾರೆ, ಕ್ಯಾಸಿನೋಗೆ ಹೋಗುತ್ತಾರೆ, ಫೋಟೋ ತೆಗೆಸುತ್ತಾರೆ. ದೊಡ್ಡ ಕಂಪನಿಗಳ ವಾರ್ಷಿಕ ಲೆಕ್ಕದಲ್ಲಿ ಆದಾಯದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬರುವುದು ಟಿಕೆಟ್ಟಿನಿಂದಲ್ಲ, ಇಂಥ ಖರ್ಚುಗಳಿಂದ. ಅಪ್ಪನಿಗೆ ಇದು ಹೊಸದಲ್ಲ. ಸೀರೆಯನ್ನು ಅಸಲಿಗೇ ಕೊಟ್ಟು ಬ್ಲೌಸ್ ಪೀಸು, ಫಾಲ್, ಲೈನಿಂಗ್‌ನಲ್ಲಿ ಲಾಭ ನೋಡಿದ ಕೈ ಅದು.

ಒಳಗಿನ ಖರ್ಚಿನಲ್ಲಿ ನಾವು ಹೊರಡುವ ಮೊದಲೇ ಕೊಂಡಿದ್ದು ಒಂದೇ, ವೈಫೈ. ಅದನ್ನು ಹಡಗು ಹತ್ತುವ ಮೊದಲೇ ಕೊಂಡರೆ ಕಡಿಮೆ. ದರ ಇಳಿದಾಗ ರದ್ದು ಮಾಡಿ ಮತ್ತೆ ಕೊಳ್ಳಬಹುದು, ನಾನೇ ಒಂದು ಸಲ ಮಾಡಿದೆ. ದಿನಕ್ಕೆ 17 ಡಾಲರ್‌ನಂತೆ ಒಂದೇ ಫೋನಿಗೆ 119. ಡ್ರಿಂಕ್ಸ್ ಪ್ಯಾಕೇಜ್ ಬೇಕಿರಲಿಲ್ಲ. ಊಟ, ನೀರು, ಟೀ, ಮಾಮೂಲಿ ಕಾಫಿ ಟಿಕೆಟ್ಟಿನಲ್ಲೇ ಸೇರಿವೆ. ಅಮ್ಮ ಮಾತ್ರ ಆ ಕಾಫಿಯನ್ನು ಕಲಗಚ್ಚು ಅಂದು ಎರಡನೆಯ ದಿನದಿಂದ ದುಡ್ಡು ಕೊಟ್ಟು ಕುಡಿಯುವ ಕಾಫಿಗೆ ಹೋದರು.

ಕೊನೆಯ ರಾತ್ರಿ ಬಿಲ್ ಬಂತು. ಅಮ್ಮನ ಕಾಫಿ, ಮಕ್ಕಳ ಐಸ್‌ಕ್ರೀಮು ಸೋಡಾ, ಒಂದು ಫೋಟೋ ಸೇರಿ 139. ಏಜೆಂಟಿನ 100 ಕಳೆದು 39. ಟಿಕೆಟ್, ಟಿಪ್ಸ್, ವೈಫೈ ಎಲ್ಲಾ ಕೂಡಿಸಿ 8,145 ಡಾಲರ್. ರಾತ್ರಿಗೆ ತಲೆಗೆ 194.

ಅದೇ ಸಂಜೆ ಹಡಗಿನಲ್ಲೇ ಮುಂದಿನ ಪ್ರಯಾಣ ಬುಕ್ ಮಾಡುವ ಕೌಂಟರ್ ಹತ್ತಿರ ಅಪ್ಪ ನಿಂತಿದ್ದರು. ಅಲ್ಲಿದ್ದ ಹುಡುಗಿ ನಗುತ್ತಾ ಏನೇನೋ ಪರ್ಸೆಂಟ್ ಹೇಳುತ್ತಿದ್ದಳು. ಅಪ್ಪ ಅವಳ ಮುಂದಿದ್ದ ಪೆನ್ನು ತೆಗೆದುಕೊಂಡು, ಚೀಟಿಯೊಂದರ ಹಿಂದೆ ಗೆರೆ ಎಳೆದು, ಅದರ ಕೆಳಗಿನ ಖಾಲಿ ಜಾಗವನ್ನು ಬೆರಳಿನಿಂದ ತೋರಿಸುತ್ತಿದ್ದರು.