ಹೋಟೆಲಿನ ಕರಿದ ಎಣ್ಣೆ ಮತ್ತು ಎಣ್ಣೆಬಟ್ಟೆ

ಮುಂಬಯಿಯ ಮಾಟುಂಗಾ, ಫೋರ್ಟ್ ಕಡೆಯ ನಮ್ಮ ಹೋಟೆಲುಗಳ ಅಡುಗೆಮನೆ ಬಹಳ ಇಕ್ಕಟ್ಟು. ವಡೆ, ಪೂರಿ ಕರಿದು ಉಳಿದ ಎಣ್ಣೆಯ ಕ್ಯಾನು ಹೀಗಾಗಿಯೇ ಒಲೆಯ ಪಕ್ಕ ಬಂದು ಕೂರುತ್ತದೆ. ಅದಕ್ಕೆ ಬೇರೆ ಜಾಗ ಹುಡುಕುವುದೇ ಮೊದಲ ಕೆಲಸ.

ಟೋಟಲ್ ಪೋಲಾರ್ ಕಾಂಪೌಂಡ್, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಡುವಾಗ ಹುಟ್ಟುವ ವಸ್ತುಗಳು, ಶೇ. 25 ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ. 2018ರ ಜುಲೈ 1ರಿಂದ ಇದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಅಳೆಯಲು ಕೈಮೀಟರ್ ಸಿಗುತ್ತದೆ. ಮೀಟರ್ ಇಲ್ಲವೇ? ನೊರೆ ಇಳಿಯದಿದ್ದರೆ, ಹೊಗೆ ಬೇಗ ಏಳುತ್ತಿದ್ದರೆ ಎಣ್ಣೆ ಮುಗಿಯಿತೆಂದೇ ತಿಳಿಯಿರಿ. ಹೊಸ ಎಣ್ಣೆ ಬೆರೆಸಿ ಇನ್ನೊಂದು ದಿನ ಎಳೆಯಬೇಡಿ.

ಕರಿಯುವಾಗ ಎಣ್ಣೆ ಸುಮಾರು 180 ಡಿಗ್ರಿ ಇರುತ್ತದೆ. ಹಾಗೇ ಸುರಿದರೆ ಪ್ಲಾಸ್ಟಿಕ್ ಕ್ಯಾನು ಮೆತ್ತಗಾಗಿ ಕುಸಿಯುತ್ತದೆ. ತಳದಲ್ಲಿ ತೊಳೆದ ನೀರು ಉಳಿದಿದ್ದರಂತೂ ಆ ನೀರು ಒಮ್ಮೆಲೇ ಆವಿಯಾಗಿ ಎಣ್ಣೆಯನ್ನು ಮುಖಕ್ಕೇ ಎರಚುತ್ತದೆ. ಬಾಣಲೆಯನ್ನು ಮುಚ್ಚಿ ರಾತ್ರಿಯಿಡೀ ಆರಲು ಬಿಡಿ. ಬೆಳಗ್ಗೆ ಸ್ಟೀಲ್ ಜರಡಿಯಲ್ಲಿ ಸೋಸಿ, ಒಣಗಿದ ಕ್ಯಾನಿಗೆ ತುಂಬಿ. ಬಾಯಿಯವರೆಗೆ ತುಂಬಬೇಡಿ, ನಾಲ್ಕು ಬೆರಳು ಖಾಲಿ ಇರಲಿ. ಮೇಲೆ ‘ಬಳಸಿದ ಎಣ್ಣೆ, ಅಡುಗೆಗೆ ಅಲ್ಲ’ ಎಂದು ಹುಡುಗರಿಗೆ ಓದಲು ಬರುವ ಭಾಷೆಗಳಲ್ಲೆಲ್ಲ ಬರೆಯಿರಿ. ಕಿಂಗ್ಸ್ ಸರ್ಕಲ್ ಸುತ್ತ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಕ್ಯಾನುಗಳು ನೆಲದಲ್ಲಿರದೆ ಕಲ್ಲಿನ ಕಟ್ಟೆಯ ಮೇಲಿರಲಿ.

ಎಲ್ಲರೂ ಮರೆಯುವುದು ಬಟ್ಟೆಯನ್ನು. ಸೂರ್ಯಕಾಂತಿ, ಸೋಯಾ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಗುಡ್ಡೆ ಹಾಕಿದರೆ ಆ ಬಿಸಿ ಹೊರಹೋಗದೆ ಒಳಗೇ ಏರುತ್ತ ಹೋಗಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಒಗೆದು ಡ್ರೈಯರಿನಲ್ಲಿ ಒಣಗಿಸಿದ ಬಟ್ಟೆಯೂ ಸುರಕ್ಷಿತವಲ್ಲ. ಒಗೆತದಲ್ಲಿ ಎಣ್ಣೆ ಪೂರ್ತಿ ಹೋಗಿರುವುದಿಲ್ಲ, ಬಿಸಿಬಿಸಿಯಾಗಿ ಮಡಚಿಟ್ಟರೆ ಅದೇ ಕಥೆ. ಕೊಳೆಬಟ್ಟೆಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ಅಂದಂದೇ ಬಿಸಿನೀರು, ಸೋಪಿನಲ್ಲಿ ಒಗೆಸಿ. ಪೂರ್ತಿ ತಣ್ಣಗಾದ ಮೇಲೆಯೇ ಮಡಚಿ. ಒಗೆಯಲು ಬಾರದ್ದನ್ನು ನೀರಿನಲ್ಲಿ ನೆನೆಸಿ ಕಸಕ್ಕೆ ಕೊಡಿ.

ಬಾಣಲೆಯ ಎಣ್ಣೆಗೇ ಬೆಂಕಿ ಹತ್ತಿದರೆ ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ. ನೀರು ಖಂಡಿತ ಬೇಡ.

ಮೋರಿಗೆ ಒಂದು ಲೋಟ ಎಣ್ಣೆಯೂ ಹೋಗಬಾರದು, ಪೈಪಿನಲ್ಲಿ ಜಿಡ್ಡು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕ್ಯಾನುಗಳನ್ನು ಬಯೋಡೀಸೆಲ್‌ಗೆ ಒಯ್ಯುವ ಅಧಿಕೃತ ಏಜೆನ್ಸಿಗೇ ಕೊಟ್ಟು ರಸೀದಿ ತೆಗೆದುಕೊಳ್ಳಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಎಷ್ಟು ತೆಗೆದಿರಿ, ಯಾವಾಗ, ಯಾರಿಗೆ ಕೊಟ್ಟಿರಿ ಎಂದು ರಿಜಿಸ್ಟರ್ ಇಡಲೇಬೇಕು. ಹೆಚ್ಚು ರೇಟು ಕೊಡುತ್ತೇನೆಂದು ಹಿಂಬಾಗಿಲಿಗೆ ಬರುವವನಿಗೆ ಕೊಟ್ಟರೆ, ಅದೇ ಎಣ್ಣೆ ಸೋಸಿಕೊಂಡು ಯಾವುದೋ ಗಾಡಿಯ ಬಾಣಲೆ ಸೇರಿ, ಮಕ್ಕಳ ಹೊಟ್ಟೆಗೆ ಹೋಗುತ್ತದೆ.